ಹಾಫ್‌ವೇ ಎಂಬ ಊರು

ಟಪ್ ಟಪ್ ಟಪ್ ಟಪ್, ಆಮೇಲೆ ಎರಡು ಉಸಿರಿನಷ್ಟು ಮೌನ, ಮತ್ತೆ ಟಪ್ ಟಪ್ ಟಪ್. ನಮ್ಮ ಮನೆಯ ಹೊರಗೋಡೆಗೆ ಅಂಟಿಕೊಂಡ ಕಬ್ಬಿಣದ ಮೆಟ್ಟಿಲು ಆ ವರ್ಷ ದಿನಾ ಬೆಳಗ್ಗೆ ಏಳೂವರೆಗೆ ಹೀಗೆ ಸದ್ದು ಮಾಡುತ್ತಿತ್ತು. ನಡುವಿನ ಮೌನ ಲ್ಯಾಂಡಿಂಗಿನದು. ಮೇಲಿನ ಬಾಡಿಗೆ ಮನೆಯ ರೇಣುಕಾ ಅಲ್ಲಿ ನಿಂತು ಕೈಗಡಿಯಾರ ಕಟ್ಟಿಕೊಳ್ಳುತ್ತಿದ್ದಳು. ಮೇಲೇ ಕಟ್ಟಿಕೊಂಡು ಬರಬಾರದೇ ಎಂದು ಒಮ್ಮೆ ಕೇಳಿದ್ದೆ. "ಮ್ಯಾಲ ಟೈಮ್ ನೋಡಿದ್ರ ಕೈಕಾಲು ನಡಗ್ತಾವ್ರಿ ಬಾಯಾರ. ಅದಕ್ಕ ಅರ್ಧಾ ಇಳದ ಮ್ಯಾಲ ನೋಡ್ತೀನಿ," ಅಂದಿದ್ದಳು.

ಮೊನ್ನೆ ಆ ಮೆಟ್ಟಿಲಿಗೆ ರೆಡ್ ಆಕ್ಸೈಡ್ ಹೊಡೆಸಿದೆವು. ಪೇಂಟರ್ ಇಳಿಯುತ್ತ ಲ್ಯಾಂಡಿಂಗಿನಲ್ಲಿ ನಿಂತು ಬೀಡಿ ಹಚ್ಚಿದ. ಒಳಗೆ ಹಾಸಿಗೆ ಮಡಿಸುತ್ತಿದ್ದ ನನ್ನ ಕೈ ಸುಮ್ಮನೆ ನಿಂತುಬಿಟ್ಟಿತು. ಕೈಗಡಿಯಾರ ಕಟ್ಟುವಷ್ಟು ಹೊತ್ತು ಕಾದೆ. ಆಮೇಲೆ ಸಿಲ್ಲಿ ಅನಿಸಿತು.

ಅದು ಎರಡು ವರ್ಷದ ಹಿಂದಿನ ಮಳೆಗಾಲ. ಮಳೆಗಾಲ ಎಂದರೆ ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತದ ಮಳೆಗಾಲ. ಜೂನಿನಲ್ಲಿ ಮೋಡಗಳು ಪಶ್ಚಿಮದಿಂದ ಬರುತ್ತವೆ, ಮಾಳಿಗೆಯ ಮೇಲೆ ಒಂದು ಗಳಿಗೆ ನೆರಳು ಮಾಡುತ್ತವೆ, ಏನೋ ಮರೆತವರ ಹಾಗೆ ವಿಜಯಪುರದ ಕಡೆ ನಡೆದುಬಿಡುತ್ತವೆ. ನಮ್ಮ ಪಾಲಿಗೆ ಉಳಿಯುವುದು ಗಾಳಿ. ಸೀರೆ ಒಣಹಾಕಿದರೆ ನಾಲ್ಕು ಕ್ಲಿಪ್ ಬೇಕು. ನಿಜವಾದ ಮಳೆ ಕಾಣುವುದು ಜೋಳ ಬಿತ್ತುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ.

ರೇಣುಕಾ ಬಾಲಗಾಂವದ ಕನ್ನಡ ಸಾಲೆಯಲ್ಲಿ ಟೀಚರ್, ಮಕ್ಕಳ ಬಾಯಲ್ಲಿ 'ಅಕ್ಕೋರು'. ಅವಳ ಗಂಡ ಬೀರಪ್ಪ ಡಫಳಾಪುರದ ಆಚೆ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಸಂಜೆ ಅವನು ಬೈಕು ನಿಲ್ಲಿಸಿದರೆ ಅಂಗಳದಲ್ಲಿ ಒಣದ್ರಾಕ್ಷಿಯ ಸಿಹಿಯೂ ಗಂಧಕದ ಕಟುವೂ ಕಲೆತ ಒಂದು ವಾಸನೆ ಹರಡುತ್ತಿತ್ತು. ಡಫಳಾಪುರ ಜತ್ತದ ಪಶ್ಚಿಮಕ್ಕೆ, ಬಾಲಗಾಂವ ಪೂರ್ವಕ್ಕೆ. ಬೆಳಗ್ಗೆ ನಮ್ಮ ಗೇಟಿನ ಹೊರಗೆ ಗಂಡ ಎಡಕ್ಕೆ ತಿರುಗುತ್ತಿದ್ದ, ಹೆಂಡತಿ ಬಲಕ್ಕೆ. ಮದುವೆಯಾಗಿ ಎರಡು ವರ್ಷ, ಒಂದು ದಿನವೂ ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೆಲಸಕ್ಕೆ ಹೋದದ್ದಿಲ್ಲ.

ವರ್ಗ ಮಾಡಿಸಿಕೊಳ್ಳಬಹುದಲ್ಲ ಎಂದು ಹೊರಗಿನವರು ಕೇಳುತ್ತಿದ್ದರು. ಹೇಗೆ? ಕನ್ನಡ ಸಾಲೆಗಳಿರುವುದು ನಮ್ಮ ತಾಲೂಕಿನ ಪೂರ್ವದ ಅಂಚಿನಲ್ಲಿ. ಡಫಳಾಪುರದ ಕಡೆ ಹೋದಂತೆಲ್ಲ ಹಲಗೆಯ ಮೇಲೆ ಮರಾಠಿ. ಒಣದ್ರಾಕ್ಷಿಯ ಗೋದಾಮುಗಳಿರುವುದು ಪಶ್ಚಿಮದಲ್ಲೇ, ದ್ರಾಕ್ಷಿ ತೋಟಗಳ ಹತ್ತಿರ. ಅವಳ ನೌಕರಿ ಅವನ ಕಡೆ ಬರುವ ಹಾಗಿಲ್ಲ, ಅವನದು ಅವಳ ಕಡೆ ಹೋಗುವ ಹಾಗಿಲ್ಲ. ಜೊತೆಗೆ ರೇಣುಕಾ ಇನ್ನೂ ಶಿಕ್ಷಣ ಸೇವಕಿ. ಮೂರು ವರ್ಷ ಸರಿಯಾಗಿ ಮುಗಿಸಿದರೆ ನೌಕರಿ ಕಾಯಂ. ಎರಡು ವರ್ಷದ ಮೇಲೆ ಕೆಲವು ತಿಂಗಳಾಗಿತ್ತು.

ಆ ಜೂನಿನಲ್ಲಿ ಅವರು ಸ್ವಂತ ಮನೆ ಹುಡುಕಲು ಶುರು ಮಾಡಿದರು. ಹೆಚ್ಚು ಆಸೆ ಬೀರಪ್ಪನದು. ಅವನು ಕುರಿಗಾರರ ಮನೆಯ ಹುಡುಗ, ಬಾಲ್ಯವೆಲ್ಲ ಹಿಂಡಿನ ಹಿಂದೆ. "ಮನಿ ಅಂದ್ರ ನನಗ ಮೊದಲ ಗ್ವಾಡಿ ಬೇಕ್ರಿ ಬಾಯಾರ," ಅನ್ನುತ್ತಿದ್ದ. "ಸಾಲಿ ಫಾರ್ಮಿನ್ಯಾಗ ಪತ್ತಾ ಅಂತ ಇರೂ ಕಡೆ ಕಾಕಾನ ಮನಿ ಬರೀತಿದ್ದೆ. ನಮ್ಮ ಪತ್ತಾ ಕುರಿ ಹಿಂದ ತಿರಗ್ತಿತ್ತು."

ನನ್ನನ್ನು ಅವರು 'ಬಾಯಾರ' ಅನ್ನುವುದಕ್ಕೆ ಕಾರಣ ನಾನು ಓಣಿಯ ಮಕ್ಕಳಿಗೆ ನಲವತ್ತು ವರ್ಷ ಇಂಗ್ಲಿಷ್ ಟ್ಯೂಷನ್ ಹೇಳಿದ್ದು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಜತ್ತಕ್ಕೆ ಬಂದವಳು. ನಮ್ಮ ಯಜಮಾನರದು ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಈಗ ಅದನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಮರಾಠಿ ಪೇಪರು ಹರವಿಕೊಂಡು ಕೂರುತ್ತಾರೆ. ಹೀಗೆ ಓದಿಕೊಂಡ ಹೆಂಗಸು ಕೈಗೆ ಸಿಕ್ಕಾಗ ಯಾರಾದರೂ ಸಲಹೆ ಕೇಳದೇ ಇರುತ್ತಾರೆಯೇ. ಕೇಳಿದರು. ನಾನು ದೊಡ್ಡ ಗಾಂಭೀರ್ಯದಿಂದ ಹೇಳಿದೆ: "ಹಾಫ್‌ವೇ. ಇಬ್ಬರಿಗೂ ಸಮ ದೂರ. ಯಾರ ಮನಸ್ಸಿನ್ಯಾಗೂ ಕಸರು ಉಳಿಯೂದಿಲ್ಲ. ಫೇರ್ ಅಂದ್ರ ಫೇರ್."

ಬೀರಪ್ಪ ಫೋನಿನಲ್ಲಿ ನಕಾಶೆ ತೆಗೆದ. ಒಂದು ತುದಿಗೆ ಅವಳ ಸಾಲೆ, ಇನ್ನೊಂದು ತುದಿಗೆ ಅವನ ಗೋದಾಮು. ನಟ್ಟನಡು ಬಿದ್ದದ್ದು ಜತ್ತದಿಂದ ಮುಚ್ಚಂಡಿಗೆ ಹೋಗುವ ದಾರಿಯಲ್ಲಿ, ಒಂದು ಬೋಳು ಹೊಲದಲ್ಲಿ. ಹೊಲದಲ್ಲಿ ಮನೆ ಕಟ್ಟುವ ಹಾಗಿಲ್ಲವಲ್ಲ, ಆದ್ದರಿಂದ ಒಂದೋ ಮುಚ್ಚಂಡಿ, ಇಲ್ಲ ಜತ್ತ.

ಮುಚ್ಚಂಡಿಯಲ್ಲಿ ಒಂದು ಜಾಗ ನೋಡಿ ಬಂದರು. ಜಾಗ ಚೆನ್ನಾಗಿತ್ತಂತೆ. ಆದರೆ ರೇಣುಕಾ ರಸ್ತೆಯ ಬದಿ ನಿಂತು ಪರೀಕ್ಷೆ ಮಾಡಿದ್ದಳು. ಪೂರ್ವಕ್ಕೆ ಹೋಗುವ ಮೂರು ವಡಾಪ ಅವಳ ಮುಂದೆ ನಿಲ್ಲದೇ ಹೋದವು. ವಡಾಪ ಎಂದರೆ ನಮ್ಮ ಕಡೆಯ ಬಾಡಿಗೆ ಜೀಪು, ಸೀಟು ತುಂಬದೇ ಸ್ಟ್ಯಾಂಡು ಬಿಡುವುದಿಲ್ಲ. ಸ್ಟ್ಯಾಂಡಿನಲ್ಲೇ ತುಂಬಿದ ಮೇಲೆ ನಡುವಿನ ಊರಿನವರಿಗೆ ಎಲ್ಲಿಂದ ಸೀಟು? "ನಡಕ ನಿಂತವರನ್ನ ಯಾರೂ ಹತ್ತಿಸಿಕೊಳ್ಳೂದಿಲ್ರಿ ಬಾಯಾರ," ಎಂದು ನಗುತ್ತ ಹೇಳಿದಳು.

ಹಾಗಾದರೆ ಜತ್ತ. ಜತ್ತದಲ್ಲಿ ಎಂದರೆ, ನಮ್ಮ ಹಿತ್ತಲಿಗೆ ತಾಗಿದ ಪ್ಲಾಟು ಖಾಲಿ ಇತ್ತು. ನಮ್ಮ ಯಜಮಾನರ ಸಂಬಂಧಿಕರದೇ. ಅದನ್ನು ನಾನೇ ತೋರಿಸಿದೆ. ತೋರಿಸುವಾಗ ನನ್ನ ತಲೆಯಲ್ಲಿ ಹಿತ್ತಲ ಗೋಡೆಗೆ ಒಂದು ಸಣ್ಣ ಗೇಟು ಆಗಲೇ ಕೂತಿತ್ತು. ಆ ಗೇಟಿನಿಂದ ರೇಣುಕಾ ಸಾರಿನ ಬಟ್ಟಲು ಹಿಡಿದು ಬರುತ್ತಿದ್ದಳು. ನಮ್ಮ ಮಗಳು ಸೊಲ್ಲಾಪುರದಿಂದ ತಿಂಗಳಿಗೊಮ್ಮೆ ಬಂದುಹೋಗುತ್ತಾಳೆ, ನಮಗೆ ಯಾವ ಕೊರತೆಯೂ ಇಲ್ಲ. ಆದರೂ ಸಂಜೆ ಆರಕ್ಕೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, "ಬಾಯಾರ, ಚಾ ಐತೇನ್ರಿ," ಎಂದು ಕೇಳುವ ಒಂದು ದನಿ ರೂಢಿಯಾಗಿಬಿಟ್ಟಿತ್ತು.

ಜುಲೈಯಲ್ಲಿ ಒಂದು ದಿನ ರೇಣುಕಾ ನನ್ನನ್ನು ತನ್ನ ಸಾಲೆಗೆ ಕರೆದೊಯ್ದಳು. "ಹುಡುಗ್ರು ಇಂಗ್ಲಿಷ್ ಬರೀ ನನ್ನ ಬಾಯಿಂದ ಕೇಳ್ಯಾವ. ನಿಮ್ಮ ಕಾನ್ವೆಂಟ್ ಇಂಗ್ಲಿಷ್ ಒಂದಿನ ಕೇಳ್ಲಿ ಬರ್ರಿ," ಎಂದಳು. ನಾನು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೊರಟೆ. ಬಸ್ಸು ಇರಲಿಲ್ಲ. ವಡಾಪ ತುಂಬಲು ಅರ್ಧ ಗಂಟೆ. ಡ್ರೈವರು ನನ್ನ ಬಿಳಿ ಕೂದಲು ನೋಡಿ ಮುಂದೆ ಕೂರಿಸಿದ. ಹಿಂದೆ ರೇಣುಕಾ ಹನ್ನೊಂದು ಜನರ ನಡುವೆ ಒಂದು ಕಾಲು ಊರಿ, ಒಂದು ಕಾಲು ಎತ್ತಿ ಕೂತಿದ್ದಳು. ಊರಿನ ದಾರಿ ಒಡೆಯುವ ಫಾಟಾದಲ್ಲಿ ಇಳಿದು ಇನ್ನೊಂದು ಜೀಪು. ಆ ರಸ್ತೆಯಲ್ಲಿ ನನ್ನ ಮೂಳೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದ ಹಾಗಾಯಿತು.

ದಾರಿಯುದ್ದಕ್ಕೂ ಒಂದು ಸಂಗತಿ ಕಂಡೆ. ನಮ್ಮ ಎದುರಿಗೆ ಕೆಂಪು ಎಸ್‌ಟಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಎಲ್ಲವೂ ಜತ್ತದ ಕಡೆ. ಫಾಟಾದಲ್ಲಿ ನಿಂತಾಗ ರೇಣುಕಾಳನ್ನು ಕೇಳಿದೆ. "ಎಲ್ಲಾ ಗಾಡಿ ಮುಂಜಾನೆ ಪ್ಯಾಟಿ ಕಡೆ ಹೊಂಟಿರ್ತಾವ್ರಿ. ಸಂಜಿಕೆ ಹಳ್ಳಿ ಕಡೆ. ನಾ ಒಬ್ಬಾಕಿ ಉಲ್ಟಾ," ಎಂದಳು, ಅದು ತನ್ನದೇ ತಪ್ಪೋ ಎಂಬ ಹಾಗೆ.

ಆಗಲೇ ನನಗೆ ಹೊಳೆದದ್ದು. ದಿನಾ ಬೆಳಗ್ಗೆ ಏಳಕ್ಕೆ, ನಾನು ಹೂವು ಕೊಯ್ಯಲು ಗೇಟಿನ ಬಳಿ ನಿಂತಾಗ, ಮನೆಯ ಮುಂದಿನ ಸ್ಪೀಡ್‌ಬ್ರೇಕರಿನಲ್ಲಿ ಒಂದು ಬಸ್ಸು ನಿಧಾನವಾಗುತ್ತದೆ. ಅದರ ಕಂಡಕ್ಟರು ಒಂದು ಕಾಲದಲ್ಲಿ ನನ್ನ ಟ್ಯೂಷನ್ನಿನ ವಿದ್ಯಾರ್ಥಿ. ಕಿಟಕಿಯಿಂದ, "ಗುಡ್ ಮಾರ್ನಿಂಗ್ ಬಾಯಿ," ಅನ್ನುತ್ತಾನೆ. ಆ ಬಸ್ಸು ಮುಕ್ಕಾಮಿ ಗಾಡಿ. ರಾತ್ರಿ ಹಳ್ಳಿಯಲ್ಲೇ ನಿಂತು, ಡ್ರೈವರು ಕಂಡಕ್ಟರು ಅಲ್ಲೇ ಮಲಗಿ, ಬೆಳಕು ಹರಿಯುವ ಮೊದಲು ಹೊರಡುವ ಬಸ್ಸಿಗೆ ಹಾಗೆನ್ನುತ್ತಾರೆ. ಅದು ಮುಕ್ಕಾಂ ಮಾಡುತ್ತಿದ್ದದ್ದು ಬಾಲಗಾಂವದಲ್ಲಿ. ಹೋಗುತ್ತಿದ್ದದ್ದು ಜತ್ತ ದಾಟಿ, ಡಫಳಾಪುರದ ಮೇಲಿಂದ ಮಿರಜಕ್ಕೆ. ಸಂಜೆ ಅದೇ ದಾರಿಯಲ್ಲಿ ವಾಪಸು.

ಅಂದರೆ ಇವರು ಬಾಲಗಾಂವದಲ್ಲಿ ಮನೆ ಮಾಡಿದರೆ ಇವಳು ಸಾಲೆಗೆ ನಡೆದುಹೋಗಬಹುದು. ಅವನು ಮನೆಯ ಹತ್ತಿರ ಹತ್ತಿದ ಸೀಟಿನಲ್ಲೇ ಕೂತು ಗೋದಾಮಿನ ಹತ್ತಿರ ಇಳಿಯಬಹುದು. ರೇಣುಕಾಳಿಗೆ ಆ ಬಸ್ಸು ಎಂದೂ ಕಂಡಿರಲಿಲ್ಲ, ಅವಳು ಊರು ಮುಟ್ಟುವ ಮೊದಲೇ ಅದು ಹೋಗಿರುತ್ತಿತ್ತು. ಬೀರಪ್ಪ ಬೈಕಿನವನು, ಬಸ್ಸಿನ ಬೋರ್ಡು ಓದುವ ರೂಢಿಯೇ ಅವನಿಗಿಲ್ಲ.

ಹೊಳೆಯಿತು, ಬಾಯಿಗೆ ಬಂತು, ನುಂಗಿಕೊಂಡೆ. ಹಿತ್ತಲ ಗೋಡೆಯ ಗೇಟು ಕಣ್ಣೆದುರಿಗೇ ಇತ್ತು.

ಆ ದಿನ ಸಾಲೆಯಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಕಥೆ ಹೇಳಿದೆ. ಮಕ್ಕಳು ಬಾಯಿ ತೆರೆದು ಕೇಳಿದರು. ಮುಗಿದ ಮೇಲೆ ಒಬ್ಬ ಹುಡುಗಿ ರೇಣುಕಾಳ ಸೆರಗು ಜಗ್ಗಿ, "ಅಕ್ಕೋರ, ಈ ಆಯಿ ಏನಂದ್ಲು?" ಎಂದು ಕೇಳಿದಳು. ರೇಣುಕಾ ಅದನ್ನೇ ಕನ್ನಡದಲ್ಲಿ ಹೇಳಿದಳು, ಕೈ ಆಡಿಸಿ, ತೋಳದ ದನಿ ತೆಗೆದು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವಳು ಎಂಥ ಟೀಚರ್ ಎಂದು ನನಗೆ ತಿಳಿದದ್ದು ಅವತ್ತು. ತಿಳಿದೂ ಸುಮ್ಮನಿದ್ದೆ.

ಆಗಸ್ಟಿನಲ್ಲಿ ಮೆಟ್ಟಿಲಿನ ಸದ್ದು ಬದಲಾಯಿತು. ಲ್ಯಾಂಡಿಂಗಿನ ಮೌನ ಎರಡು ಉಸಿರಿನಿಂದ ಐದಾಯಿತು, ಆರಾಯಿತು. ಟಪ್ ಟಪ್ ನಡುವೆ ಕಂಬಿ ಹಿಡಿಯುವ ಬಳೆಯ ಸದ್ದು ಸೇರಿತು. ಅವಳು ಬಂದು ಹೇಳುವ ಒಂದು ವಾರ ಮೊದಲೇ ನಾನು ಯಜಮಾನರಿಗೆ ಹೇಳಿದ್ದೆ, ಮೇಲಿನ ಮನೆಯಲ್ಲಿ ಕೂಸು ಬರುತ್ತದೆ ಎಂದು. ಅವರು ಪೇಪರಿನಿಂದ ಮುಖ ಎತ್ತದೇ, "ಮೆಟ್ಟಿಲು ಹೇಳ್ತೇನು?" ಅಂದರು.

ದವಾಖಾನೆಯ ಡಾಕ್ಟರಮ್ಮ ಜೀಪು ಕೂಡದು ಎಂದು ಖಡಾಖಂಡಿತ ಹೇಳಿದಳು. ಒಮ್ಮೆ ಬಟ್ಟೆಯಲ್ಲಿ ರಕ್ತ ಕಂಡು ರೇಣುಕಾ ನಾಲ್ಕು ದಿನ ಮಲಗಿದ್ದಳು. ಆ ವಾರ ಬೀರಪ್ಪನ ಮುಖ ಒಣಗಿದ ಹಾಗಿತ್ತು. ಒಂದು ಸಂಜೆ ಮೇಲಿಂದ ದನಿ ಕೇಳಿತು. ಕೇಳಬಾರದು, ಆದರೆ ಕಿಟಕಿಗಳು ತೆರೆದಿದ್ದವು.

"ಸಾಲಿ ಬಿಡು ಅನ್ನಾಕತ್ತಿಲ್ಲ. ಒಂದ ವರ್ಷ ಬಿಡು ಅನ್ನಾಕತ್ತೀನಿ."

"ಒಂದ ವರ್ಷ ಬಿಟ್ರ ಆ ಜಾಗಾ ನನ್ನ ಸಲುವಾಗಿ ಕಾಯ್ತೈತೇನ್ರಿ? ಕಾಯಂ ಆಗೂದು ಇಷ್ಟ ಉಳದೈತಿ. ಈಗ ಬಿಟ್ರ ಮುಗೀತು."

"ಮತ್ತ ಕೂಸು?"

ಸ್ವಲ್ಪ ಹೊತ್ತಿಗೆ ಪಾತ್ರೆ ತಿಕ್ಕುವ ಸದ್ದು ಬಂತು, ಬೇಕಾದದ್ದಕ್ಕಿಂತ ಜೋರಾಗಿ.

ಆ ಸದ್ದು ನನಗೆ ಪರಿಚಯದ್ದು. ಮದುವೆಯಾದ ಮರುವರ್ಷ ಮಿರಜದ ಒಂದು ಹೆಣ್ಣುಮಕ್ಕಳ ಸಾಲೆಯಿಂದ ನನಗೊಂದು ಕಾಗದ ಬಂದಿತ್ತು, ಇಂಗ್ಲಿಷ್ ಟೀಚರ್ ಹುದ್ದೆಗೆ ಬನ್ನಿ ಎಂದು. ನಾನು ಅದನ್ನು ಊಟದ ಹೊತ್ತಿಗೆ ಮಾವನವರ ಮುಂದೆ ಓದಿದೆ. ಅವರು ರೊಟ್ಟಿ ಮುರಿಯುತ್ತ, "ಅಷ್ಟ ದೂರ ದಿನಾ ಯಾರ ಹೋಗ್ತಾರವಾ," ಅಂದರು. ಜಗಳವಿಲ್ಲ, ಬೈಗಳವಿಲ್ಲ. ನಮ್ಮ ಯಜಮಾನರು ಎದುರಿಗೇ ಕೂತಿದ್ದರು, ಮಜ್ಜಿಗೆ ಕೇಳಿದರು. ಮನೆ ಎಲ್ಲಿರಬೇಕು ಎಂಬುದು ಅಂದಿನ ಕಾಲಕ್ಕೆ ಪ್ರಶ್ನೆಯೇ ಅಲ್ಲ. ಅಂಗಡಿ ಎಲ್ಲಿದೆಯೋ ಅಲ್ಲಿ. ಅವತ್ತು ನಾನೂ ಪಾತ್ರೆ ತಿಕ್ಕಿದ್ದೆ.

ಇಷ್ಟೆಲ್ಲ ಗೊತ್ತಿದ್ದವಳು ಮುಕ್ಕಾಮಿ ಗಾಡಿಯ ಸುದ್ದಿಯನ್ನು ಬಾಯೊಳಗೇ ಇಟ್ಟುಕೊಂಡು ತಿಂಗಳಾಗಿತ್ತು. ನಾಳೆ ಹೇಳೋಣ, ಪ್ಲಾಟಿನ ಕಾಗದ ನೋಡಿಯೇ ಹೇಳೋಣ, ಈಗ ಅವಳಿಗೆ ಆರಾಮಿಲ್ಲ, ಹೀಗೆ ದಿನಕ್ಕೊಂದು ನೆಪ.

ಸೆಪ್ಟೆಂಬರಿನ ಮೊದಲ ರವಿವಾರ ಬೀರಪ್ಪನ ತಾಯಿ ಮಾಯವ್ವ ಬಂದಳು. ದೊಡ್ಡ ಮಗನ ಜೊತೆ ಕುರಿ ಹಿಂಡಿನಲ್ಲೇ ಇರುವಾಕೆ. ವರ್ಷದಲ್ಲಿ ಎಂಟು ತಿಂಗಳು ಬಯಲಲ್ಲೇ ವಾಸ. ಕಪ್ಪು ಕಂಬಳಿ ಹೆಗಲ ಮೇಲೆ, ಮೊಣಕೈವರೆಗೆ ಹಸಿರು ಬಳೆ, ಕೈಯಲ್ಲಿ ಗಡಿಗೆಯ ತುಂಬ ಗಿಣ್ಣದ ಹಾಲು. ಮಗ ಹೇಳಿ ಕಳಿಸಿದ್ದ. ಸೊಸೆಯನ್ನು ಮನೆಯಲ್ಲಿ ಕೂರಿಸಲು ತಾಯಿಯ ಬಾಯಿಂದ ಹೇಳಿಸುವುದು ಅವನ ಲೆಕ್ಕ ಎಂದು ನಾವೆಲ್ಲ ತಿಳಿದುಕೊಂಡೆವು. ರೇಣುಕಾಳೂ ಹಾಗೇ ತಿಳಿದಿದ್ದಳು ಎಂದು ಕಾಣುತ್ತದೆ. ಸೆರಗು ಬಿಗಿದುಕೊಂಡು, ಉತ್ತರ ಕಂಠಪಾಠ ಮಾಡಿದ ಹುಡುಗಿಯ ಹಾಗೆ ಕೂತಿದ್ದಳು.

ಮಾಯವ್ವ 'ಮ್ಯಾಲ ಹತ್ತೂದು ಆಗೂದಿಲ್ಲ' ಎಂದು ನಮ್ಮ ಪಡಸಾಲೆಯಲ್ಲೇ ಕುಳಿತಳು. ಖುರ್ಚಿ ಕೊಟ್ಟರೆ ಅದನ್ನು ಸರಿಸಿ ನೆಲದ ಮೇಲೆ. ಅಷ್ಟರಲ್ಲಿ ಮಳೆ ಬಂತು. ಆ ವರ್ಷದ ಮೊದಲ ನಿಜವಾದ ಮಳೆ. ಬಾಗಿಲಲ್ಲಿ ಮಣ್ಣಿನ ವಾಸನೆ ಎದ್ದಿತು. ಎಲ್ಲರೂ ಒಳಗೇ ಉಳಿಯಬೇಕಾಯಿತು.

"ಮನಿ ಸುದ್ದಿ ಎಲ್ಲಿಗೆ ಬಂತೋ?" ಎಂದಳು ಮಗನಿಗೆ.

"ನೋಡಾಕತ್ತೀವಬೇ. ಬಾಯಾರು ಹಾಫ್‌ವೇದಾಗ ತಗೋರಿ ಅಂದಾರ."

ಮಾಯವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಹಾಪವೇ? ಅದ್ಯಾವ ಊರೋ? ನಾ ಇಷ್ಟ ದೇಶಾ ತಿರಗೇನಿ, ಹಾಪವೇ ಕೇಳಿಲ್ಲ. ಮಂಗಳವೇಢಾ ಕಡೆ ಬರ್ತೈತೇನ?"

ನಮ್ಮ ಯಜಮಾನರು ಪೇಪರು ಮಡಿಸಿದರು. "ಅದು ನಮ್ಮಾಕಿ ಊರವಾ. ಇಂಗ್ಲಿಷಿನ್ಯಾಗ ಐತಿ. ಅಲ್ಲಿಗೆ ಬಸ್ಸಿಲ್ಲ."

ರೇಣುಕಾ ನಗು ತಡೆದು ಹೇಳಿದಳು. "ಊರಲ್ರಿ ಅತ್ತಿ. ನಟ್ಟ ನಡಕ ಅಂತ. ಅವರಿಗೂ ಅಷ್ಟ ದೂರ, ನನಗೂ ಅಷ್ಟ ದೂರ."

"ನಡಕ ಯಾಕ?" ಅಂದಳು ಮಾಯವ್ವ. ನಿಜವಾಗಿಯೂ ತಿಳಿಯದೇ ಕೇಳಿದ ಹಾಗಿತ್ತು. ಆಮೇಲೆ ಮಗನ ಕಡೆ ತಿರುಗಿದಳು. "ಒಂದ ಕಡೆ ಮೇವು, ಒಂದ ಕಡೆ ನೀರು ಇತ್ತಂದ್ರ ನಾವು ಕುರಿಹಟ್ಟಿ ನಡಕ ಹಾಕ್ತೇವೇನೋ?"

ಬೀರಪ್ಪ ಬಾಗಿಲಾಚೆಯ ಮಳೆ ನೋಡಿದ.

"ಹೇಳೋ. ಇಂಗ್ಲಿಷ್ ಕಲಿತು ಮರತಿ?"

"ಇಲ್ಲ. ನಡಕ ಹಾಕೂದಿಲ್ಲ."

"ಎಲ್ಲಿ ಹಾಕ್ತೇವ?"

"ಗಬ್ಬದ ಕುರಿಗೆ ಹತ್ರ ಆಗೂವಂಗ."

"ಹಾಂ. ಉಳದಾವು ನಡೀತಾವ. ಗಬ್ಬದ್ದು, ಮರಿಗೆ ಹಾಲೂಡಿಸೂದು, ಅದರ ಹೆಜ್ಜಿ ಎಣಿಸಿ ಹಟ್ಟಿ ಹಾಕಬೇಕು. ಅದು ದೊಡ್ಡವರು ಮಾಡ್ಕೋತ ಬಂದದ್ದು." ಎಲೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಹೇಳಿದಳು. "ನಿನಗ ಗಾಡಿ ಐತಿ. ಇಕಿಗೆ ಹೊಟ್ಟಿ ಐತಿ. ಎರಡೂ ಸಮಾ ಹೆಂಗಾಕ್ಕಾವೋ?"

ರೇಣುಕಾಳ ಉತ್ತರವೆಲ್ಲ ವ್ಯರ್ಥವಾಯಿತು. ಕಣ್ಣು ತುಂಬಿಕೊಂಡು, ಅದನ್ನು ಮರೆಸಲು ಜಗಳದ ದನಿ ತೆಗೆದಳು. "ಅತ್ತಿ, ನಾ ಏನ್ ಕುರಿ ಏನ್ರಿ?"

"ಕುರಿಕಿಂತ ಕಿಮ್ಮತ್ತಿನಾಕಿ. ಕುರಿಗೆ ಸರಕಾರ ಪಗಾರ ಕೊಡ್ತೈತೇನ?"

ಎಲ್ಲರೂ ನಕ್ಕೆವು. ನಗು ಇಳಿದ ಮೇಲೆ ಬೀರಪ್ಪ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. "ನೀ ಅನ್ನೂದು ಖರೆ ಐತಿಬೇ. ಆದ್ರ ಬಾಲಗಾಂವದಾಗ ಮನಿ ಹಿಡದು ಗೋದಾಮಿಗೆ ದಿನಾ ಬೈಕ್ ಮ್ಯಾಲ ಹೋಗಿ ಬರೂದಂದ್ರ, ಆರ ತಿಂಗಳಿಗೆ ನನ್ನ ಸೊಂಟ ಹೋಗ್ತೈತಿ. ಆ ದಾರಿನ್ಯಾಗ ಸಂಜಿಕೆ ನಿದ್ದಿಗಣ್ಣಾಗ ಎಲ್ಲೆರೆ ಬಿದ್ರ?"

ಗಾಡಿ ರಸ್ತೆಯ ಲೆಕ್ಕ ಮಾಯವ್ವನದಲ್ಲ. ಅವಳು ಬಸ್ಸು ಹತ್ತಿದವಳೇ ಅಲ್ಲ. ಮಳೆ ತಗಡಿನ ಮೇಲೆ ಬೀಳುತ್ತಿತ್ತು. ರೇಣುಕಾ ನೆಲ ನೋಡುತ್ತಿದ್ದಳು. ಎಲ್ಲ ಮತ್ತೆ ಆ ಖಾಲಿ ಪ್ಲಾಟಿಗೇ ಬಂದು ನಿಂತಿತು. ನನಗೆ ಬೇಕಾದದ್ದೂ ಅದೇ. ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು.

ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ನಮಗೆ ಮಾರಲ್ ಸೈನ್ಸ್ ಹೇಳುತ್ತಿದ್ದರು. ಪಾಪದಲ್ಲಿ ಎರಡು ಬಗೆ, ಮಾಡಿದ್ದು ಒಂದು, ಮಾಡದೇ ಬಿಟ್ಟದ್ದು ಇನ್ನೊಂದು. ಎರಡನೆಯದಕ್ಕೆ ಓಮಿಷನ್ ಎಂದು ಹೆಸರು. ನಾವು ಹುಡುಗಿಯರು, ಏನೂ ಮಾಡದಿದ್ದರೆ ಅದು ಹೇಗೆ ಪಾಪ ಎಂದು ಹಿಂದೆ ಕೂತು ನಗುತ್ತಿದ್ದೆವು. ಆ ಸ್ಪೆಲ್ಲಿಂಗ್‌ನಲ್ಲಿ ಎಸ್ ಎಷ್ಟು ಎಂದು ನನಗೆ ಆಗಲೂ ತಪ್ಪುತ್ತಿತ್ತು.

"ಬೀರಪ್ಪ," ಅಂದೆ. "ಬಾಲಗಾಂವಕ್ಕ ಮುಕ್ಕಾಮಿ ಗಾಡಿ ಐತಿ." ಬಸ್ಸಿನ ಹೊತ್ತು, ದಾರಿ, ಕಂಡಕ್ಟರು, ಎಲ್ಲ ಹೇಳಿದೆ. ಒಂದೇ ಗಾಡಿ, ಇಳಿಯುವುದಿಲ್ಲ ಹತ್ತುವುದಿಲ್ಲ, ಮಲಗಿಕೊಂಡು ಹೋಗು ಎಂದೆ.

ಬೀರಪ್ಪ ಫೋನು ತೆಗೆದು ಏನೋ ನೋಡತೊಡಗಿದ. ರೇಣುಕಾ ಮಾತ್ರ ನನ್ನನ್ನೇ ನೋಡಿದಳು. ಟೀಚರುಗಳಿಗೆ ಆ ನೋಟ ಇರುತ್ತದೆ. "ನಿಮಗ ಯಾವಾಗಿಂದ ಗೊತ್ತಿತ್ರಿ ಬಾಯಾರ?"

"ನಿನ್ನ ಸಾಲಿಗೆ ಬಂದಿದ್ದೆನಲ್ಲ, ಅವತ್ತಿನಿಂದ."

"ಮತ್ತ ಹೇಳ್ಲಿಲ್ಲ?"

"ನೀವು ಹಿಂದಿನ ಪ್ಲಾಟಿಗೇ ಬರಬೇಕಂತ ಇತ್ತು. ನನ್ನ ಸಲುವಾಗಿ."

ಇಂಗ್ಲಿಷಿನಲ್ಲಿ ಸಾರಿ ಎನ್ನುವುದು ಎಷ್ಟು ಸುಲಭ. ಆ ದಿನ ಆ ಪದವೂ ಬರಲಿಲ್ಲ. ರೇಣುಕಾ ಎದ್ದು ಚಹದ ಕಪ್ಪುಗಳನ್ನು ಕೂಡಿಸಿದಳು. ಮಾಯವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ಕೈ ಕಲ್ಲಿನ ಹಾಗಿತ್ತು, ಬೆಚ್ಚಗಿತ್ತು. "ಇರ್ಲಿ ತಗೋರಿ ಬಾಯಾರ. ಚಲೋ ಮರಿ ಕಂಡ್ರ ನಾನೂ ನಮ್ಮ ಹಟ್ಟಿ ಕಡೇನ ಹೊಡ್ಕೋತೀನಿ."

ಮಳೆ ನಿಂತ ಮೇಲೆ ಅವರೆಲ್ಲ ಹೋದರು. ಪಡಸಾಲೆಯಲ್ಲಿ ನಾವಿಬ್ಬರೇ. ಯಜಮಾನರು ಬಾಗಿಲ ಕಡೆ ನೋಡುತ್ತ ಹೇಳಿದರು: "ಮಿರಜಕ್ಕ ಆವಾಗೂ ಒಂದು ಗಾಡಿ ಇತ್ತು. ಮುಂಜಾನೆ ಆರಕ್ಕ. ಸಂಜಿ ದೀಪಾ ಹಚ್ಚೂದ್ರಾಗ ವಾಪಸ್."

ಯಾವ 'ಆವಾಗ' ಎಂದು ನಾನು ಕೇಳಬೇಕಾಗಲಿಲ್ಲ. "ನಿಮಗ ಗೊತ್ತಿತ್ತೇನು?"

"ಅಂಗಡಿ ಮುಂದನ ಹೋಗ್ತಿತ್ತು."

"ಐವತ್ತ ವರ್ಷ ಆತು."

"ನೀನೂ ಕೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ."

ಎರಡು ದಿನ ಮಾತು ಬಿಟ್ಟೆ. ನನಗೆ ಆ ಹಕ್ಕಿತ್ತು. ಆದರೆ ಮಧ್ಯಾಹ್ನ ಮಲಗಿದಾಗ ನನ್ನಷ್ಟಕ್ಕೆ ನಾನು ಲೆಕ್ಕ ಹಾಕಿದೆ. ಅವರು ಮುಚ್ಚಿಟ್ಟದ್ದೂ ನಾನು ಮನೆಯಲ್ಲಿರಲಿ ಎಂದು, ನಾನು ಮುಚ್ಚಿಟ್ಟದ್ದೂ ರೇಣುಕಾ ಹತ್ತಿರವಿರಲಿ ಎಂದು. ಅವರದು ಐವತ್ತು ವರ್ಷ, ನನ್ನದು ಎರಡು ತಿಂಗಳಿಗೂ ಕಡಿಮೆ. ಅಷ್ಟಾದರೂ ಸುಧಾರಣೆ ಆಯಿತಲ್ಲ. ಮೂರನೆಯ ದಿನ ಯಜಮಾನರು ಅಡುಗೆಮನೆಗೆ ಬಂದು ತಾವೇ ಚಹ ಮಾಡಿದರು. ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ. ಅದೇ ಸಂಜೆ ಆರಕ್ಕೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಸದ್ದಾಯಿತು. ರೇಣುಕಾ ಒಳಗೆ ಬರದೇ ಹೊಸ್ತಿಲಲ್ಲೇ ನಿಂತು, "ಚಾ ಐತೋ, ಅದೂ ಮುಚ್ಚಿಟ್ಟೀರೋ?" ಅಂದಳು.

ಬೀರಪ್ಪ ಮೂರು ದಿನ ಟ್ರಯಲ್ ನೋಡಿದ. ಸಾಲೆಯ ಹೆಡ್‌ಮಾಸ್ತರರ ಮನೆಯಲ್ಲಿ ಉಳಿದು ಮುಕ್ಕಾಮಿ ಗಾಡಿ ಹತ್ತಿದ. ಮೊದಲ ದಿನ ನಾನು ಗೇಟಿನಲ್ಲಿ ಹೂವು ಕೊಯ್ಯುವಾಗ ಬಸ್ಸು ಬಂತು. ಕಂಡಕ್ಟರು ಗುಡ್ ಮಾರ್ನಿಂಗ್ ಅಂದು ಹಿಂದಿನ ಕಿಟಕಿಗೆ ಬೆರಳು ತೋರಿಸಿದ. ಬೀರಪ್ಪ ಗಾಜಿಗೆ ಕೆನ್ನೆ ಒತ್ತಿ ಬಾಯಿ ತೆರೆದು ಮಲಗಿದ್ದ. ಸಂಜೆ ಫೋನು ಮಾಡಿದ. "ಡಫಳಾಪುರ ಬಂದದ್ದ ಗೊತ್ತಾಗಲಿಲ್ರಿ ಬಾಯಾರ. ಎಬ್ಬಿಸಿ ಇಳಿಸ್ಯಾರ."

ಬಾಲಗಾಂವದಲ್ಲಿ ಸಾಲೆಯಿಂದ ಒಂದೇ ಓಣಿ ಆಚೆ ಎರಡು ಖೋಲಿಯ ಮನೆ ಕ್ರಯಕ್ಕೆ ಸಿಕ್ಕಿತು. ಮುಂದೆ ಕಟ್ಟೆ, ಹಿಂದೆ ಬೇವಿನ ಮರ. ದೀಪಾವಳಿ ರಜೆಯಲ್ಲಿ ಸಾಮಾನು ಹೋಯಿತು. ಟ್ರಂಕು, ಗ್ಯಾಸು, ಗಾದಿ ಆ ಕಬ್ಬಿಣದ ಮೆಟ್ಟಿಲು ಇಳಿಯುವುದನ್ನು ನಾನು ಕೆಳಗೆ ನಿಂತು ನೋಡಿದೆ. ಒಂದು ಕಂಬಿಗೆ ರೇಣುಕಾಳ ಕೂದಲಿನ ರಬ್ಬರ್‌ಬ್ಯಾಂಡ್ ಸಿಕ್ಕಿಸಿಯೇ ಇತ್ತು. ಅದನ್ನು ಕೊಡಬೇಕೆಂದು ತೆಗೆದಿಟ್ಟೆ, ಕೊಡಲಿಲ್ಲ. ಇದೊಂದು ಸಣ್ಣ ಓಮಿಷನ್.

ಅವಳ ನೌಕರಿ ಕಾಯಂ ಆಯಿತು. ಮಗಳು ಹುಟ್ಟಿದಳು, ಅಜ್ಜಿಯ ಹಾಗೆ ಗಟ್ಟಿ ದನಿ. ಬೀರಪ್ಪ ಈಗಲೂ ಗೋದಾಮಿನವರೆಗೆ ಮಲಗಿಕೊಂಡೇ ಹೋಗುತ್ತಾನೆ. ಬಸ್ಸು ಕೆಟ್ಟ ದಿನ ಬೈಕು ಹತ್ತಿ ಬೈದುಕೊಳ್ಳುತ್ತಾನಂತೆ. ರೇಣುಕಾ ರಜೆಯಲ್ಲಿ ಬರುತ್ತಾಳೆ, ದಿನ ಬಿಟ್ಟು ದಿನ ಫೋನು ಇದ್ದೇ ಇದೆ. ಹಿತ್ತಲ ಗೋಡೆಗೆ ಗೇಟು ಬರಲಿಲ್ಲ, ಅಲ್ಲಿ ದಾಸವಾಳ ಹಚ್ಚಿದೆ. ಮಾಯವ್ವ ಮಾತ್ರ ಮತ್ತೆ ಕಣ್ಣಿಗೆ ಬಿದ್ದಿಲ್ಲ. ಅವಳು ಬಂದಾಗ ನನ್ನ ಮೊಣಕಾಲು ಆಪರೇಷನ್ನು, ನಾನು ಹೋದಾಗ ಅವಳ ಹಿಂಡು ಯಾವುದೋ ನದಿಯ ದಂಡೆಗೆ.

ಅವಳನ್ನು ಕೊನೆಯ ಸಲ ನೋಡಿದ್ದು ವಾಸ್ತುಶಾಂತಿಯ ಮರುದಿನ, ದೀಪಾವಳಿ ಮುಗಿದು ಸಾಲೆ ತೆರೆದ ಸೋಮವಾರ. ನಾನು ಬಾಲಗಾಂವದಲ್ಲೇ ಉಳಿದುಕೊಂಡಿದ್ದೆ. ಹಿಂಡು ಊರ ಹೊರಗೆ ಇಳಿದಿತ್ತು, ಅವತ್ತೇ ಮುಂದಕ್ಕೆ ಹೊರಡುವುದಿತ್ತು. ಹತ್ತಕ್ಕೆ ಸ್ವಲ್ಪ ಮೊದಲು ರೇಣುಕಾ ಡಬ್ಬಿ ಹಿಡಿದು, ಹೊಟ್ಟೆಯ ಮೇಲೆ ಸೆರಗು ಸರಿಮಾಡಿಕೊಂಡು, ಅವಸರವಿಲ್ಲದೇ ಓಣಿ ದಾಟಿದಳು. ನಾವಿಬ್ಬರು ಮುದುಕಿಯರು ಹಿಂದೆ ಹೋದೆವು. ಮಾಯವ್ವ ತುಟಿ ಆಡಿಸುತ್ತಿದ್ದಳು. ದೇವರ ಹೆಸರು ಎಂದುಕೊಂಡೆ. ಸಾಲೆಯ ಗೇಟು ಬಂದಾಗ, "ನೂರಾ ಎಂಬತ್ತ ಹೆಜ್ಜಿ. ಚಲೋ ಆತು," ಅಂದಳು.

ಒಳಗೆ ಅವಳು ಬರಲಿಲ್ಲ. ಕಂಪೌಂಡಿನ ಗೋಡೆ ಹಿಡಿದು ಹೊರಗೇ ನಿಂತಳು. ತೆರೆದ ಕಿಟಕಿಯಿಂದ ರೇಣುಕಾ ಮಗ್ಗಿ ಹೇಳಿಸುವುದು ಕಾಣುತ್ತಿತ್ತು. ಅವಳು ಒಂದು ಸಾಲು ಹೇಳಿದರೆ ಮಕ್ಕಳೆಲ್ಲ ಸೇರಿ ಅದನ್ನೇ ಹೇಳುತ್ತಿದ್ದರು. ಮಾಯವ್ವ ಸಾಲೆಯ ಒಳಗನ್ನು ಹಾಗೆ ನೋಡಿದ್ದು ಅದೇ ಮೊದಲಿರಬೇಕು. ತುಸು ಹೊತ್ತು ಕಿವಿಗೊಟ್ಟು ಕೇಳಿದಳು.

"ಚಲೋ ಒದರ್ತಾಳಲ್ರಿ," ಅಂದಳು. "ಎಲ್ಲಾ ಮರಿ ಮಾತು ಕೇಳ್ತಾವ."

ಆಮೇಲೆ ಕಂಬಳಿ ಹೆಗಲಿಗೇರಿಸಿ ಹೊಲದ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಜೋಳದ ಪೈರು ಅವಳ ಮೊಣಕಾಲೆತ್ತರಕ್ಕಿತ್ತು. ದೂರದ ಏರಿಯ ಮೇಲೆ ಹಿಂಡು ಕಂಡಾಗ ಬಾಯಿಗೆ ಕೈ ಅಡ್ಡ ಹಿಡಿದು ಕುರಿಗಳನ್ನು ಕರೆದಳು, ಉದ್ದನೆಯ ಒಂದು ಕೂಗು. ಕಿಟಕಿಯೊಳಗೆ ರೇಣುಕಾಳ ದನಿ ಆರು ಏಳಲಿ ಎಂಬಲ್ಲಿಗೆ ನಿಂತಿತು. ಅವಳು ಹೊರಗೆ ನೋಡಿದಳೋ ಏನೋ, ನನಗೆ ಕಾಣಲಿಲ್ಲ. ಮತ್ತೆ, ಮೊದಲಿಗಿಂತ ಗಟ್ಟಿಯಾಗಿ, ಮಗ್ಗಿ ಮುಂದುವರಿಯಿತು.